ಮರೆಯಾದ ರೂಪವೂ ಮರೆತ ಅಭ್ಯಾಸವೂ

ಭೀಮಾತೀರದ ಘತ್ತರಗಿಯಲ್ಲಾಗಲಿ, ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಮತ್ತಾವ ಗ್ರಾಮದಲ್ಲಾಗಲಿ, ಹೊತ್ತು ಮೂಡುವ ಮೊದಲೇ ಎದ್ದ ಗೃಹಿಣಿಯು ಅಂಗಳವನ್ನು ಗುಡಿಸಿ ಸೆಗಣಿನೀರು ಚಿಮುಕಿಸಿ, ಹೊಸ್ತಿಲ ಮುಂದೆ ಕುಳಿತು ರಂಗೋಲಿಗೆ ತೊಡಗುವ ಪರಿಯನ್ನು ವಾಚಕರೆಲ್ಲರೂ ಬಲ್ಲರು. ಆಕೆ ಮೊದಲು ಗೆರೆಯನ್ನೆಳೆಯುವುದಿಲ್ಲ, ಚುಕ್ಕೆಗಳನ್ನಿಡುವಳು. ನಡುವೆ ಏಳು ಚುಕ್ಕೆಗಳ ಸಾಲು, ಅದರ ಮೇಲೂ ಕೆಳಗೂ ಆರು, ಐದು, ನಾಲ್ಕು ಎಂದು ಇಳಿಯುತ್ತ ಹೋಗುವ ಸಾಲುಗಳು. ಆ ಹೊತ್ತಿನಲ್ಲಿ ಬೀದಿಯಲ್ಲಿ ಹಾದುಹೋಗುವ ಗಂಡಸು ನಿಂತು ನೋಡಿದರೆ ಅವನಿಗೆ ಕಾಣುವುದು ನೆಲದ ಮೇಲೆ ಚೆಲ್ಲಿದ ಬಿಳಿಯ ಕಣಗಳು ಮಾತ್ರ. ಗೃಹಿಣಿಗಾದರೋ ಅಲ್ಲಿ ಕಮಲವು ಆಗಲೇ ಅರಳಿದೆ. ಗೆರೆಗಳು ಬರುವುದು ಆಮೇಲೆ. ನೋಡುವವರಿಗಾಗಿ ಬರುವುವೆಂದರೂ ಸಲ್ಲುವುದು.

ಕಮಲವು ಚುಕ್ಕೆಗಳಲ್ಲಿತ್ತೋ, ಆಕೆಯ ಕೈಯಲ್ಲಿತ್ತೋ, ಕಣ್ಣಿನಲ್ಲಿತ್ತೋ? ಚುಕ್ಕೆಗಳಲ್ಲಿಯೇ ಇತ್ತೆಂದರೆ ದಾರಿಹೋಕನಿಗೆ ಏಕೆ ಕಾಣಲಿಲ್ಲ? ಆಕೆಯ ಮನಸ್ಸಿನಲ್ಲಿ ಮಾತ್ರ ಇತ್ತೆಂದರೆ ಚುಕ್ಕೆಯೊಂದು ತಪ್ಪಿದಾಗ ಕಮಲವೇಕೆ ಕೆಡುವುದು? ಮಕ್ಕಳಾಟದಂತೆ ತೋರುವ ಈ ಪ್ರಶ್ನೆಯನ್ನು ಹಿಡಿದು ಹೊರಟರೆ ದರ್ಶನಶಾಸ್ತ್ರದ ಬಾಗಿಲವರೆಗೂ ಹೋಗಬಹುದು; ಅಲ್ಲಿಂದ ತಿರುಗಿ ಗೃಹಸ್ಥನ ದಿನಚರಿಯ ಒಂದು ನೋವಿನ ವಿಷಯಕ್ಕೂ ಬರಬಹುದು. ಈ ಲೇಖನದ ಉದ್ದೇಶವು ಅಷ್ಟೇ.

ಅಡಗಿದ ರೂಪಗಳನ್ನು ತೋರುವ ಚಾತುರ್ಯವು ನಮ್ಮ ನಾಡಿಗೆ ಹೊಸದಲ್ಲ. ಬಾದಾಮಿಯ ೬ನೆಯ ಶತಮಾನದ ಗುಹಾಲಯಗಳಲ್ಲಿ ಮೊದಲನೆಯದು ಶಿವನಿಗೆ ಮೀಸಲಾದುದು. ಅದರ ಪ್ರವೇಶದ ಎಡಗಡೆಯಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನು ನಿಂತಿದ್ದಾನೆ. ಅವನ ಕೆಳಗೆ ಆನೆಯೂ ಎತ್ತೂ ಒಂದೇ ತಲೆಯನ್ನು ಹಂಚಿಕೊಂಡಿರುವ ಶಿಲ್ಪವುಂಟು. ಒಂದು ಮಗ್ಗುಲಿನಿಂದ ನೋಡಿದವನಿಗೆ ಅದು ಆನೆ, ಇನ್ನೊಂದರಿಂದ ನೋಡಿದವನಿಗೆ ಎತ್ತು. ಕೈಯಿಂದ ಒಂದು ಮೈಯನ್ನು ಮರೆಮಾಡಿದರೆ ಇನ್ನೊಂದು ಥಟ್ಟನೆ ಎದ್ದು ನಿಲ್ಲುವುದು. ಸೊಂಡಿಲಾಗಿದ್ದುದು ಎಲ್ಲಿಯೂ ಹೋಗಿಲ್ಲ, ಕೋಡಾಗಿದ್ದುದು ಎಲ್ಲಿಂದಲೂ ಬಂದಿಲ್ಲ, ಕಲ್ಲು ಒಂದೇ. ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ ಗೋಡೆಯ ಕಿಂಡಿಯೊಂದರಿಂದ ಬಂದ ಬೆಳಕು ಮಹಾಗೋಪುರವನ್ನು ತಲೆಕೆಳಗಾಗಿ ಎದುರಿನ ಗೋಡೆಯ ಮೇಲೆ ಬರೆಯುವುದನ್ನು ಯಾತ್ರಿಕರು ಕಂಡಿದ್ದಾರೆ. ದಖನಿನ ಚಿತ್ರಕಾರರು ಹಲವು ಪ್ರಾಣಿಗಳ ಮೈಗಳನ್ನು ಹೆಣೆದು ಒಂದು ಕುದುರೆಯನ್ನು ಬರೆದರು. ಹಲವು ನಾರಿಯರನ್ನು ಹೆಣೆದು ಒಂದು ಆನೆಯನ್ನು ನಿಲ್ಲಿಸಿದ ನಾರೀಕುಂಜರವೂ ನಮ್ಮ ಶಿಲ್ಪಿಗಳಿಗೂ ಚಿತ್ರಕಾರರಿಗೂ ಪ್ರಿಯವಾದ ವಸ್ತುವೇ.

ಪಾಶ್ಚಾತ್ಯ ವಿದ್ವಾಂಸರು ಇದೇ ವಿಷಯವನ್ನು ಬೇರೊಂದು ಮಾರ್ಗದಿಂದ ಪರೀಕ್ಷಿಸಿದರು. ಮನುಷ್ಯನ ಕಣ್ಣುಗಳೆರಡೂ ಸುಮಾರು ೬ ಸೆಂಟಿಮೀಟರ ಅಂತರದಲ್ಲಿರುವುದರಿಂದ ಅವು ಒಂದೇ ವಸ್ತುವಿನ ಸ್ವಲ್ಪ ಬೇರೆಬೇರೆಯಾದ ಎರಡು ಚಿತ್ರಗಳನ್ನು ಗ್ರಹಿಸುವುವು. ಆ ಭೇದವನ್ನೇ ಆಧಾರಮಾಡಿಕೊಂಡು ಬುದ್ಧಿಯು ಹತ್ತಿರ ದೂರಗಳನ್ನು ನಿರ್ಣಯಿಸುವುದು. ಇಂಗ್ಲೆಂಡಿನ ಚಾರ್ಲ್ಸ್ ವ್ಹೀಟ್‌ಸ್ಟನ್ ಎಂಬುವನು ೧೮೩೮ರಲ್ಲಿ ಇದನ್ನು ಯಂತ್ರಮುಖೇನ ತೋರಿಸಿದನು. ಆಮೇಲೆ ಡೇವಿಡ್ ಬ್ರೂಸ್ಟರನು, ಗೋಡೆಗೆ ಅಂಟಿಸಿದ ಕಾಗದದಲ್ಲಿ ಒಂದೇ ಹೂವು ಮತ್ತೆ ಮತ್ತೆ ಬರುವಂತಿದ್ದರೆ, ದೃಷ್ಟಿಯನ್ನು ಸಡಿಲಿಸಿ ನೋಡಿದವನಿಗೆ ಗೋಡೆಯೇ ಹಿಂದೆ ಮುಂದೆ ಸರಿದಂತೆ ಕಾಣುವುದೆಂದು ಗಮನಿಸಿದನು. ೧೯೫೯ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿದ್ದ ಹಂಗೇರಿಯ ಬೇಲಾ ಯೂಲೆಸ್‌ನು ಗಣಕಯಂತ್ರದಿಂದ ಚುಕ್ಕೆಗಳನ್ನು ಯದ್ವಾತದ್ವಾ ಚೆಲ್ಲಿದ ಎರಡು ಹಾಳೆಗಳನ್ನು ಮಾಡಿಸಿದನು. ಒಂದೊಂದನ್ನೇ ನೋಡಿದರೆ ಅವುಗಳಲ್ಲಿ ಏನೂ ಇಲ್ಲ. ಎರಡನ್ನೂ ಒಂದೊಂದು ಕಣ್ಣಿಗೆ ಕೊಟ್ಟರೆ ನಡುವೆ ಒಂದು ಚೌಕವು ತೇಲುವುದು. ೧೯೭೯ರಲ್ಲಿ ಕ್ರಿಸ್ಟೋಫರ್ ಟೈಲರ್ ಎಂಬುವನು ಎರಡು ಹಾಳೆಗಳ ಕೆಲಸವನ್ನು ಒಂದರಲ್ಲಿಯೇ ಮಾಡುವ ಉಪಾಯವನ್ನು ಕಂಡುಹಿಡಿದನು. ಈ ಬಗೆಯ ಚಿತ್ರಗಳೇ ೧೯೯೦ರ ದಶಕದಲ್ಲಿ 'ಮ್ಯಾಜಿಕ್ ಐ' ಎಂಬ ಹೆಸರಿನ ಪುಸ್ತಕಗಳಾಗಿ ಲೋಕದಲ್ಲೆಲ್ಲ ಹರಡಿದುವು.

ಅವನ್ನು ನೋಡುವ ರೀತಿಯು ವಿಚಿತ್ರವಾದುದು. ಸಾಮಾನ್ಯವಾಗಿ ಏನನ್ನಾದರೂ ಕಾಣಬೇಕೆಂದರೆ ದೃಷ್ಟಿಯನ್ನು ಅದರ ಮೇಲೆ ನೆಡಬೇಕು. ಇಲ್ಲಿಯಾದರೋ ಹಾಳೆಯ ಮೇಲೆ ದೃಷ್ಟಿ ನೆಟ್ಟಷ್ಟೂ ಏನೂ ಕಾಣದು. ಹಾಳೆಯ ಆಚೆಗೆ, ಬಹು ದೂರದಲ್ಲಿ ಏನೋ ಇರುವಂತೆ ಕಣ್ಣನ್ನು ಬಿಟ್ಟು, ಹುಡುಕುವ ಆತುರವನ್ನು ಬಿಟ್ಟು ಸುಮ್ಮನಿರಬೇಕು. ಆಗ ಎಡಗಣ್ಣು ಒಂದು ಆವೃತ್ತಿಯನ್ನೂ ಬಲಗಣ್ಣು ಅದರ ಪಕ್ಕದ ಆವೃತ್ತಿಯನ್ನೂ ಹಿಡಿದು, ಎರಡೂ ಕೂಡಿ, ಹಾಳೆಯೊಳಗಿಂದ ರೂಪವು ಮೆಲ್ಲನೆ ಏಳುವುದು. ಕಂಡಿತೆಂದು ಹಿಗ್ಗಿ ಕಣ್ಣು ಹೊರಳಿಸಿದರೆ ಹೊಸಬನಿಗೆ ಮರಳಿ ಮಾಯವಾಗುವುದೂ ಉಂಟು.

ಇದನ್ನು ಭ್ರಮೆಯೆನ್ನಬೇಕೋ, ದರ್ಶನವೆನ್ನಬೇಕೋ? ಮಬ್ಬುಗತ್ತಲೆಯಲ್ಲಿ ಹಗ್ಗವು ಹಾವಾಗಿ ತೋರುವ ದೃಷ್ಟಾಂತವು ಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿದೆ. ದೀಪವನ್ನು ತಂದೊಡನೆ ಹಾವು ಬಾಧಿತವಾಗುವುದು. 'ಇಲ್ಲಿ ಹಾವು ಆಗಲೂ ಇರಲಿಲ್ಲ' ಎಂಬ ಜ್ಞಾನವು ಹುಟ್ಟುವುದು. ಚುಕ್ಕೆಗಳೊಳಗಿನ ರೂಪದ ಗತಿಯು ಹೀಗಲ್ಲ. ಅದು ಕಂಡ ಮೇಲೆ 'ಇಲ್ಲಿ ಇದು ಮೊದಲೂ ಇತ್ತು, ಕಾಣಲಿಲ್ಲ' ಎಂಬ ಜ್ಞಾನವು ಹುಟ್ಟುವುದು. ಒಂದರಲ್ಲಿ ತಿಳಿವು ಬಂದಾಗ ರೂಪವು ಹೋಗುವುದು. ಇನ್ನೊಂದರಲ್ಲಿ ತಿಳಿವು ಬಂದಾಗ ರೂಪವು ಬರುವುದು. ಆದುದರಿಂದ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸಾಧುವಲ್ಲ.

ಇಲ್ಲೊಂದು ಶಂಕೆಯು ಏಳುವುದು. ಹಾಳೆಯು ಚಪ್ಪಟೆಯಾದುದು, ಬೆರಳಿಂದ ಮುಟ್ಟಿದರೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಹೀಗಿರಲು ರೂಪವು ಮೇಲೆದ್ದು ಬಂದಂತೆ ತೋರುವುದು ಮಿಥ್ಯೆಯೇ ಅಲ್ಲವೆ? ಅಹುದು, ಆ ಉಬ್ಬು ಮಿಥ್ಯೆಯೇ. ಅದನ್ನು ಸತ್ಯವೆಂದು ವಾದಿಸುವುದು ಜಾಣತನದ ಮಾತಾದೀತೇ ಹೊರತು ನಿಜದ ಮಾತಾಗದು. ಆದರೆ ಆಕೃತಿಯು ಮಿಥ್ಯೆಯಲ್ಲ. ಹತ್ತು ಮಂದಿ ಬೇರೆಬೇರೆಯಾಗಿ ನೋಡಿ, ಒಬ್ಬರೊಬ್ಬರೊಡನೆ ಮಾತಾಡದೆ, ಹತ್ತು ಹಾಳೆಗಳಲ್ಲಿ ತಾವು ಕಂಡುದನ್ನು ಬರೆದರೆ ಹತ್ತರಲ್ಲಿಯೂ ಒಂದೇ ಆಕೃತಿಯು ಇರುವುದು. ಮಾಡಿದವನು ಅದನ್ನು ಅಲ್ಲಿ ಇಟ್ಟಿದ್ದಾನೆ. ಉಬ್ಬಿನಲ್ಲಿ ಸುಳ್ಳೂ ಆಕೃತಿಯಲ್ಲಿ ದಿಟವೂ ಕೂಡಿಕೊಂಡಿರುವ ಈ ಬೆರಕೆಯೇ ಈ ಚಿತ್ರಗಳ ಸೊಗಸಿಗೆ ಕಾರಣವೆಂದು ತೋರುವುದು.

ಶೈವಾಗಮಗಳು ಪರಶಿವನಿಗೆ ಪಂಚಕೃತ್ಯಗಳನ್ನು ಹೇಳುವುವು: ಸೃಷ್ಟಿ, ಸ್ಥಿತಿ, ಲಯ, ತಿರೋಧಾನ, ಅನುಗ್ರಹ. ಮೊದಲ ಮೂರನ್ನು ಎಲ್ಲರೂ ಬಲ್ಲರು. ನಾಲ್ಕನೆಯದಾದ ತಿರೋಧಾನವೆಂದರೆ ಮರೆಮಾಡುವಿಕೆ. ಮರೆಮಾಡುವುದನ್ನು ದೋಷವೆಂದಾಗಲಿ, ಶಿವನಿಗೆ ಹೊರತಾದ ಮತ್ತಾವುದೋ ಶಕ್ತಿಯ ಕೇಡೆಂದಾಗಲಿ ಎಣಿಸದೆ ಅವನದೇ ಕೃತ್ಯವೆಂದು ಎಣಿಸಿದುದು ಬಹು ಗಂಭೀರವಾದ ವಿಚಾರ. ಅನುಗ್ರಹವು ತಿರೋಧಾನದ ಬೆನ್ನಿಗೇ ಬರುವುದು. ಮರೆಯಿಲ್ಲದಿದ್ದರೆ ತೋರಿಕೆಗೆ ಎಡೆಯೆಲ್ಲಿ? ಅಲ್ಲಮಪ್ರಭುವಿನ ವಚನಗಳಲ್ಲಿ ಕಲ್ಲಿನಲ್ಲಿಯ ಬೆಂಕಿ, ಬೀಜದಲ್ಲಿಯ ಮರ ಮೊದಲಾದ ಅಡಗಿದ ವಸ್ತುಗಳ ಉಪಮಾನಗಳು ಬರುವುದನ್ನು ವಚನಾಭ್ಯಾಸಿಗಳು ನೆನೆಯಬಹುದು.

ಕಾಶ್ಮೀರದ ೧೦ನೆಯ ಶತಮಾನದ ಶೈವಾಚಾರ್ಯನಾದ ಉತ್ಪಲದೇವನು ತನ್ನ ಈಶ್ವರಪ್ರತ್ಯಭಿಜ್ಞೆಯ ಕಡೆಯಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ತರುಣಿಯೊಬ್ಬಳು ಒಬ್ಬನ ಗುಣಗಳನ್ನು ಕೇಳಿಯೇ ಅವನಲ್ಲಿ ಮನಸ್ಸಿಟ್ಟಿದ್ದಾಳೆ. ಅವನು ಒಂದು ದಿನ ಅವಳೆದುರಿಗೇ ಬಂದು ನಿಲ್ಲುವನು. ಕಣ್ಣಿಗೆ ಕಾಣುತ್ತಿದ್ದರೂ ಅವಳಿಗೆ ಅವನು ನಾಲ್ಕು ಜನರಲ್ಲಿ ಒಬ್ಬ, ಸಂತೋಷವಿಲ್ಲ. ಆ ಗುಣಗಳು ಇವನಲ್ಲಿವೆಯೆಂಬುದು ಅರಿವಿಗೆ ಬಂದ ಗಳಿಗೆಯಲ್ಲಿಯೇ ಅವಳ ಹೃದಯವು ತುಂಬುವುದು. ಹೊಸದಾಗಿ ಬಂದ ವಸ್ತುವೇನೂ ಇಲ್ಲ. ಬಂದುದು ಗುರುತು ಮಾತ್ರ. ಪ್ರತ್ಯಭಿಜ್ಞೆಯೆಂಬ ಮಾತಿಗೆ ಇದೇ ಅರ್ಥ. ಆಸ್ಟ್ರಿಯಾ ದೇಶದ ತತ್ತ್ವಜ್ಞನಾದ ವಿಟ್‌ಗೆನ್‌ಸ್ಟೈನ್‌ನ ಗ್ರಂಥವು ೧೯೫೩ರಲ್ಲಿ ಪ್ರಕಟವಾದಾಗ ಅದರಲ್ಲಿ ಬಾತುಕೋಳಿಯಾಗಿಯೂ ಮೊಲವಾಗಿಯೂ ಕಾಣುವ ಒಂದು ಗೆರೆಚಿತ್ರದ ವಿಚಾರವು ವಿಸ್ತಾರವಾಗಿ ಬಂದುದು ವಿದ್ವಾಂಸರಿಗೆ ತಿಳಿದೇ ಇದೆ. ಗೆರೆಯೊಂದೂ ಬದಲಾಗದೆ ನೋಟವು ಬದಲಾಗುವುದೆಂದರೇನು ಎಂಬುದೇ ಅವನ ಪ್ರಶ್ನೆ. ಬಾದಾಮಿಯ ಶಿಲ್ಪಿಯು ಅದೇ ಪ್ರಶ್ನೆಯನ್ನು ಕಲ್ಲಿನಲ್ಲಿ ಕೆತ್ತಿಟ್ಟು ಸುಮ್ಮನಾದನು.

ದೃಷ್ಟಾಂತವು ಏಕದೇಶಿಯಾದುದೆಂಬುದನ್ನು ಮಾತ್ರ ಮರೆಯಲಾಗದು. ಚುಕ್ಕೆಯ ಚಿತ್ರದಲ್ಲಿ ಕುದುರೆಯನ್ನು ಕಂಡವನು ಕುದುರೆಯನ್ನೇ ಕಂಡನು. ಅದಕ್ಕಿಂತ ಹೆಚ್ಚಿನದಾವುದನ್ನೂ ಕಾಣಲಿಲ್ಲ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಎವೆಯಿಕ್ಕದೆ ನೋಡುವ ಸಾಧನೆಯನ್ನು ಇದರೊಡನೆ ಸರಿಗಟ್ಟುವುದು ಅವಿವೇಕ. ಕಣ್ಣಿನ ಆತುರವನ್ನು ಅಡಗಿಸುವ ಪಾಠವೊಂದು ಎರಡರಲ್ಲಿಯೂ ಉಂಟೆಂಬಷ್ಟಕ್ಕೆ ಹೋಲಿಕೆಯು ನಿಲ್ಲಬೇಕು.

ಇನ್ನು ಗೃಹಸ್ಥನ ವಿಷಯಕ್ಕೆ ಬರೋಣ. ಭೀಮೆಯ ದಡದ ಊರಿನಲ್ಲಿ ತೊಗರಿ ಜೋಳಗಳನ್ನು ಬೆಳೆಯುವ ಒಬ್ಬನಿದ್ದಾನೆಂದು ಭಾವಿಸಬೇಕು. ವಯಸ್ಸು ಐವತ್ತರ ಹತ್ತಿರ, ಚಾಳೀಸು ಬಂದಿದೆ. ಮಳೆ ಹಿಡಿದ ಒಂದು ದಿನ ಹಳೆಯ ಟ್ರಂಕನ್ನು ತೆರೆದಾಗ ಪಟ್ಟಣದಲ್ಲಿ ಓದುತ್ತಿದ್ದ ಕಾಲದಲ್ಲಿ ಕೊಂಡ ಅಡಗು ಚಿತ್ರಗಳ ಪುಸ್ತಕವೊಂದು ದೊರೆಯುವುದು. ಅದರೊಳಗೆ ಅವನೇ ಬರೆದ ಹಾಳೆಗಳೂ ಇವೆ. ಈ ಚಿತ್ರಗಳನ್ನು ಮಾಡಲು ಗಣಕಯಂತ್ರವೇ ಬೇಕೆಂಬ ನಿಯಮವಿಲ್ಲ. ಚೌಕುಳಿ ಹಾಳೆಯ ಮೇಲೆ ಒಂದೇ ಮಾತನ್ನು ಎರಡು ಮೂರು ಸೆಂಟಿಮೀಟರಿಗೊಮ್ಮೆ ಸಾಲು ಸಾಲಾಗಿ ಬರೆಯುತ್ತ ಹೋಗಿ, ನಡುವಿನ ಕೆಲವು ಸಾಲುಗಳಲ್ಲಿ ಮಾತಿಗೂ ಮಾತಿಗೂ ನಡುವಣ ಅಂತರವನ್ನು ತುಸು ಕಿರಿದು ಮಾಡಿದರೆ ಸಾಕು. ದೃಷ್ಟಿಯನ್ನು ದೂರಕ್ಕೆ ಬಿಟ್ಟು ನೋಡಿದವನಿಗೆ ಆ ಭಾಗವು ಮುಂದೆ ಬಂದು ನಿಲ್ಲುವುದು. ಅಂತರವನ್ನು ಹಿರಿದು ಮಾಡಿದರೆ ಹಿಂದೆ ಸರಿಯುವುದು. ಅವನು ಆಗ ಪಂಚಾಕ್ಷರಿಯನ್ನೇ ಹೀಗೆ ಬರೆದು, ಅಕ್ಷರಗಳ ನಡುವಿನಿಂದ ಬಿಲ್ವದಳದ ಆಕೃತಿಯನ್ನು ಎಬ್ಬಿಸಿದ್ದನು.

ಈಗ ಅವನು ತನ್ನ ಹಾಳೆಯನ್ನೇ ಹಿಡಿದು ನೋಡಿದರೆ ಅಕ್ಷರಗಳ ಹೊರತು ಏನೂ ಕಾಣದು. ಮಾಡಿದವನಿಗೇ ಮರೆಯಾಯಿತು! ಕಣ್ಣು ಕೆಟ್ಟಿತೆಂದು ಮೊದಲು ಅಂಜುವನು. ಮೂರು ನಾಲ್ಕು ದಿನ ಹೊತ್ತು ಮಾಡಿಕೊಂಡು ಕುಳಿತ ಮೇಲೆ ಕಡೆಗೊಂದು ಸಂಜೆ ಬಿಲ್ವದಳವು ಹಾಳೆಯಿಂದ ಏಳುವುದು. ಕಣ್ಣು ಕೆಟ್ಟಿರಲಿಲ್ಲ, ಸುಮ್ಮನೆ ನೋಡುವ ರೂಢಿಯು ತಪ್ಪಿತ್ತು. ಗೇಣುದ್ದದ ಮೊಬೈಲಿನ ಮೇಲೆ ಬೆರಳಾಡಿಸುತ್ತ, ಒಂದನ್ನು ಪೂರ್ತಿ ನೋಡುವ ಮೊದಲೇ ಇನ್ನೊಂದಕ್ಕೆ ಹಾರುವ ಕಣ್ಣಿಗೆ ಏನೂ ಬದಲಾಗದ ಹಾಳೆಯ ಮುಂದೆ ನಿಲ್ಲುವುದು ಶಿಕ್ಷೆಯಂತೆ ತೋರಿದ್ದಿತು.

ಅವನು ಆ ಹಾಳೆಯ ಚಿತ್ರವನ್ನು ತೆಗೆದು ಜಾಲದಲ್ಲಿ ಬಂಧುಮಿತ್ರರಿಗೆ ಕಳುಹಿಸುವನು. ನಾಲ್ವರು ಮೆಚ್ಚುವರು. ಹುರುಪು ಬಂದು ಇನ್ನೊಂದನ್ನು ಬರೆಯುವನು. ಅದನ್ನು ಹತ್ತು ಮಂದಿ ಮೆಚ್ಚುವರು. ದಿನಕ್ಕೊಂದು ಎಂದು ಸಂಕಲ್ಪ ಮಾಡುವನು. ಎಂಟನೆಯ ದಿನ ತೊಗರಿಗೆ ಔಷಧ ಹೊಡೆಯುವ ಕೆಲಸ ಬಂದುದರಿಂದ ಬರೆಯಲಾಗಲಿಲ್ಲ. ಒಂಬತ್ತನೆಯ ದಿನ ಅವಸರದಿಂದ ಬರೆದುದನ್ನು ಒಬ್ಬರೂ ನೋಡಲಿಲ್ಲ. ತಿಂಗಳು ತುಂಬುವುದರೊಳಗೆ ಪುಸ್ತಕವು ಮರಳಿ ಟ್ರಂಕನ್ನು ಸೇರಿತು. ಅದರ ಜೊತೆಗೆ, ಮೊದಲು ಇರದಿದ್ದ ಒಂದು ನಾಚಿಕೆಯೂ ಸೇರಿತು. ಹಾಡು ಕಟ್ಟುವವರು, ಕೌದಿಯ ಹೊಸ ಬಗೆಗಳನ್ನು ಹೊಲಿಯುವವರು, ಹಾರ್ಮೋನಿಯಂ ಹಿಡಿದು ಬಿಟ್ಟವರು, ಇವರೆಲ್ಲರಿಗೂ ಇಂದು ಈ ಕಥೆಯು ಪರಿಚಿತವಾದುದೇ.

ಇವನಿಗೆ ಹಿತ ಹೇಳುವವರಲ್ಲಿ ಎರಡು ಪಕ್ಷಗಳುಂಟು. ಮೊದಲನೆಯವರು, ಇಂಥ ಹೊತ್ತುಗಳೆಯುವ ಆಟವು ಹೋದುದೇ ಒಳ್ಳೆಯದಾಯಿತೆನ್ನುವರು. ಅವರ ಬೆಂಬಲಕ್ಕೆ ಹಿರಿಯ ಪ್ರಮಾಣವೂ ಇದೆ. ಅಕ್ಷರಗಳನ್ನು ಚಕ್ರದಂತೆ, ಪದ್ಮದಂತೆ, ಮದ್ದಳೆಯಂತೆ ಜೋಡಿಸಿ ಪದ್ಯ ಬರೆಯುವ ಚಿತ್ರಬಂಧಗಳು ಸಂಸ್ಕೃತದಲ್ಲಿ ಹೇರಳವಾಗಿವೆ; ಭಾರವಿಯ ಕಿರಾತಾರ್ಜುನೀಯದ ೧೫ನೆಯ ಸರ್ಗವೂ ಮಾಘನ ಶಿಶುಪಾಲವಧದ ೧೯ನೆಯ ಸರ್ಗವೂ ಅವುಗಳ ಗಣಿಗಳು. ೯ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಚಿತ್ರವನ್ನು ಕಾವ್ಯವೆಂದೇ ಒಪ್ಪದೆ ಕಾವ್ಯದ ಅನುಕರಣವೆಂದನು. ಮಮ್ಮಟನು ಅದನ್ನು ಕೀಳು ಪಂಕ್ತಿಯಲ್ಲಿ ಕೂರಿಸಿದನು. ಅದೇ ೯ನೆಯ ಶತಮಾನದಲ್ಲಿ, ಇಂದಿನ ಕಲಬುರ್ಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವೇ ಆದ ಮಾನ್ಯಖೇಟದಲ್ಲಿ ನೃಪತುಂಗನ ಆಸ್ಥಾನದಿಂದ ಹೊರಬಂದ ಕವಿರಾಜಮಾರ್ಗವು ಶಬ್ದಾಲಂಕಾರಗಳ ಪ್ರಸಂಗದಲ್ಲಿ ಚಿತ್ರಬಂಧಗಳಿಗೂ ಎಡೆಮಾಡಿಕೊಟ್ಟಿತೆಂಬುದನ್ನು ಈ ಪಕ್ಷದವರು ನೆನೆಯುವುದಿಲ್ಲ. ಆನಂದವರ್ಧನನ ಆಕ್ಷೇಪಣೆಯು ರಸವಿಲ್ಲದ ಚಾತುರ್ಯವನ್ನು ಕಾವ್ಯದ ಪೀಠದಲ್ಲಿ ಕೂರಿಸಬಾರದೆಂಬುದು, ಚಾತುರ್ಯವೇ ಪಾಪವೆಂಬುದಲ್ಲ. ಬಿಲ್ವದಳವನ್ನು ಬರೆದ ಗೃಹಸ್ಥನು ತಾನು ಮಹಾಕವಿಯೆಂದೇನೂ ಹೇಳಿಕೊಂಡಿರಲಿಲ್ಲ.

ಎರಡನೆಯ ಪಕ್ಷದವರ ಮಾತು ಹೆಚ್ಚು ಸೂಕ್ಷ್ಮವಾದುದು. ಕಲೆಯು ಆತ್ಮಸಂತೋಷಕ್ಕಾಗಿ, ಯಾರಿಗೂ ತೋರಿಸಬೇಡ, ಬಾಗಿಲಿಕ್ಕಿಕೊಂಡು ಮಾಡು ಎನ್ನುವರು. ಕೇಳಲು ಇದು ವೈರಾಗ್ಯದ ಮಾತಿನಂತಿದೆ. ಆದರೆ ಶರಣಧರ್ಮದ ಗೃಹಸ್ಥನಿಗೆ ಇದು ಒಪ್ಪುವುದೆ? ಕಾಯಕವೆಂಬ ಮಾತಿನ ಜೊತೆಗೆ ದಾಸೋಹವೆಂಬ ಮಾತು ಬಿಡದೆ ಬರುವುದು. ದುಡಿದುದು ತನ್ನಲ್ಲಿಯೇ ಉಳಿದರೆ ಅದು ಅರ್ಧ ಮಾತ್ರ. ಕಲ್ಯಾಣದ ಶರಣರಲ್ಲಿ ಬಹುರೂಪಿ ಚೌಡಯ್ಯನಿದ್ದನು. ವೇಷ ಕಟ್ಟಿ ಜನರೆದುರು ಆಡುವುದೇ ಅವನ ಕಾಯಕ. ಕಿನ್ನರಿ ಬೊಮ್ಮಯ್ಯನಿದ್ದನು, ಕಿನ್ನರಿಯನ್ನು ಬಾರಿಸುವುದೇ ಅವನ ಕಾಯಕ. ನೋಡುವವರಿಲ್ಲದೆ ಬಹುರೂಪವೆಲ್ಲಿ, ಕೇಳುವವರಿಲ್ಲದೆ ಕಿನ್ನರಿಯೆಲ್ಲಿ? ತೋರಿಸುವುದರಲ್ಲಿಯೇ ದೋಷವಿದ್ದಿದ್ದರೆ ಇವರು ಶರಣರ ಗೋಷ್ಠಿಯಲ್ಲಿ ಸಲ್ಲುತ್ತಿರಲಿಲ್ಲ. ಅಡಗಿದ ಚಿತ್ರವಂತೂ ಇನ್ನೊಬ್ಬನ ಕಣ್ಣಿಗಾಗಿಯೇ ಹುಟ್ಟಿದ ವಸ್ತು. ಯಾರೂ ಹುಡುಕದಿದ್ದರೆ ಅಡಗಿಸಿ ಫಲವೇನು?

ಹಾಗಾದರೆ ಗೃಹಸ್ಥನ ಅಭ್ಯಾಸವು ಕೆಟ್ಟುದೆಲ್ಲಿ? ಇದಕ್ಕೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗದಲ್ಲಿ ಹುಡುಕಬಹುದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕವು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಅವನನ್ನು ತಿರುಗಿ ಕಳುಹಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಧನದ ಆಸೆಗೆ ಮಾತ್ರ ಅನ್ವಯಿಸಿ ಹೇಳುವುದುಂಟು. ಅಕ್ಕಿಯು ಕದ್ದುದಲ್ಲ, ಬೇಡಿದುದಲ್ಲ, ತನ್ನ ಭೋಗಕ್ಕೆ ತಂದುದೂ ಅಲ್ಲವೆಂಬುದನ್ನು ಗಮನಿಸಬೇಕು. ಅದೂ ದಾಸೋಹಕ್ಕೇ. ಆದರೂ ಲಕ್ಕಮ್ಮನಿಗೆ ಅದು ಸಲ್ಲಲಿಲ್ಲ. ಏಕೆಂದರೆ ದಿನದ ಅಳತೆಯನ್ನು ಮೀರಿದಾಗ ಕಾಯಕವು ನಿಯಮದಿಂದ ಕಳಚಿಕೊಂಡು ಆಸೆಯ ಬೆನ್ನು ಹತ್ತುವುದು.

ಜಾಲದಲ್ಲಿ ಚಿತ್ರ ಕಳುಹಿಸಿದ ಗೃಹಸ್ಥನಿಗೆ ಆದುದೂ ಇದೇ. ಮೊದಲ ಹಾಳೆಯನ್ನು ಕಳುಹಿಸಿದುದರಲ್ಲಿ ದೋಷವಿರಲಿಲ್ಲ. ಅದು ಕೊಡುವಿಕೆಯೇ ಆಗಿತ್ತು. ಹತ್ತು ಮಂದಿ ಮೆಚ್ಚಿದ ಮೇಲೆ ಆ ಹತ್ತು ಎಂಬ ಎಣಿಕೆಯು ಅವನ ದಿನದ ಅಳತೆಯಾಯಿತು. ಹೊಲ, ದನ, ಮಕ್ಕಳ ಓದು, ವೃದ್ಧ ತಾಯಿಯ ಆರೈಕೆ, ಇವುಗಳ ನಡುವೆ ತಿಂಗಳಿಗೆ ಒಂದು ಹಾಳೆಯನ್ನು ಬರೆಯುವಷ್ಟು ಎಡೆಯಿತ್ತು; ಅವನು ಮೂವತ್ತನ್ನು ತರಲು ಹೊರಟನು. ಆ ಜಾಲದ ವ್ಯವಸ್ಥೆಯೇ ಅಂಥದು: ನಿನ್ನೆ ಕೊಟ್ಟುದನ್ನು ಇಂದು ಹೂತುಹಾಕಿ ಹೊಸದನ್ನು ಬೇಡುವುದು, ಎಷ್ಟು ಮಂದಿ ನೋಡಿದರೆಂಬ ಲೆಕ್ಕವನ್ನು ಕೇಳದಿದ್ದರೂ ಕಣ್ಣೆದುರಿಗೆ ಹಿಡಿಯುವುದು. ದಾನ ಮಾಡುವವನಲ್ಲಿ ನಾನು ಕೊಟ್ಟೆನೆಂಬ ಭಾವವು ಉಳಿಯಬಹುದು; ದಾಸೋಹದಲ್ಲಿ ಕೊಡುವವನೇ ದಾಸನಾಗಿರುವುದರಿಂದ ಎಣಿಸುವವನೇ ಅಲ್ಲಿಲ್ಲ. ಎಣಿಕೆಯನ್ನೇ ಮುಂದಿಟ್ಟು ಕೊಡಿಸುವ ಯಂತ್ರದ ನಡುವೆ ಕುಳಿತು ಎಣಿಸದೆ ಕೊಡುವುದು ಕಠಿನವಾದ ಸಾಧನೆಯೇ ಸರಿ. ಅವನು ಸೋತನೆಂದು ಹಂಗಿಸುವವರು ತಾವು ಒಮ್ಮೆ ಪ್ರಯತ್ನಿಸಿ ನೋಡುವುದು ಒಳ್ಳೆಯದು.

ಹೊಸ್ತಿಲ ಮುಂದಿನ ಗೃಹಿಣಿಯ ಅಭ್ಯಾಸವು ಏಕೆ ಕೆಡಲಿಲ್ಲವೆಂಬುದನ್ನು ಇಲ್ಲಿ ವಿಚಾರಿಸಬಹುದು. ಆಕೆಯದೂ ದಿನಕ್ಕೊಂದು ಚಿತ್ರವೇ. ಆಕೆಯದೂ ಬೀದಿಗೆ ತೆರೆದುದೇ; ನೆರೆಯವರು ನೋಡುವರು, ಚೆನ್ನಾಗಿದೆಯೆನ್ನುವರು, ಆಕೆಗೆ ಹಿಗ್ಗೂ ಆಗುವುದು. ಹೊತ್ತೇರಿದಂತೆ ಎತ್ತಿನ ಕಾಲು, ಮಕ್ಕಳ ಕಾಲು, ಬೈಸಿಕಲ್ಲಿನ ಗಾಲಿ ಬಿದ್ದು ಅಳಿಸಿಹೋಗುವುದು. ನಿನ್ನೆಯದು ಎಷ್ಟು ಮಂದಿಗೆ ಹಿಡಿಸಿತೆಂಬ ಲೆಕ್ಕವು ಇಂದಿನ ನೆಲದ ಮೇಲೆ ಇರುವುದಿಲ್ಲ. ಕೆಲಸ ಹೆಚ್ಚಿದ್ದ ದಿನ ಆಕೆ ನಾಲ್ಕು ಗೆರೆಯಲ್ಲಿ ಮುಗಿಸುವಳು, ಹಬ್ಬದ ದಿನ ಅಂಗಳ ತುಂಬುವಳು, ಎರಡೂ ರಂಗೋಲಿಯೇ. ಮೆಚ್ಚುಗೆಯು ಬರುವುದು, ಹೋಗುವುದು. ಹೊಸ್ತಿಲು ಮಾತ್ರ ಅಲ್ಲಿಯೇ ಇರುವುದು. ೨೦೨೦ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ ತಾಲೂಕಿನ ತೀರದ ಊರುಗಳಿಗೆ ನುಗ್ಗಿದಾಗ ಅಂಗಳವೆಂಬುದೇ ಇಲ್ಲದಂತಾದ ಮನೆಗಳಿದ್ದುವು. ಅಂಥ ಮನೆಗೆ ಮರಳಿದವರು ರಾಡಿಯನ್ನು ತೆಗೆದು ನೆಲವನ್ನು ಕಂಡ ಬೆಳಿಗ್ಗೆ ಚುಕ್ಕೆಗಳನ್ನಿಡಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ಹಾಗೆಂದು ರಂಗೋಲಿಯನ್ನು ಹೊಗಳಿ ಮೊಬೈಲನ್ನು ತೆಗಳಿದರೆ ವಿಷಯವು ಮುಗಿಯಿತೆಂದು ತಿಳಿಯಬಾರದು. ಹೊಸ್ತಿಲು ಗೃಹಿಣಿಗೆ ಕಟ್ಟೂ ಹೌದು. ಎಲ್ಲರೂ ಹಾಕುತ್ತಾರೆಂದು, ಅತ್ತೆಯು ಕೇಳುವಳೆಂದು, ಮನಸ್ಸಿಲ್ಲದೆ ಹಾಕಿದ ರಂಗೋಲಿಗಳೂ ಎಷ್ಟೋ ಇದ್ದಾವು. ಗೃಹಸ್ಥನಿಗೆ ಅಂಥ ಕಟ್ಟು ಇಲ್ಲದುದರಿಂದಲೇ ಅವನ ಬಿಲ್ವದಳದಲ್ಲಿ ಒಂದು ಬಿಡುಗಡೆಯೂ ಇತ್ತು. ಆ ಬಿಡುಗಡೆಯನ್ನು ಕಳೆದುಕೊಳ್ಳದೆ, ಹೊಸ್ತಿಲಿನಂಥ ಒಂದು ಎಡೆಯನ್ನು ಅವನು ದಿನಚರಿಯಲ್ಲಿ ತಾನೇ ಕಂಡುಕೊಳ್ಳಬೇಕಾಗುವುದು. ಅಮಾವಾಸ್ಯೆಗೆ ಒಕ್ಕಲುತನದ ಕೆಲಸವನ್ನು ನಿಲ್ಲಿಸುವ ರೂಢಿ ಈ ಸೀಮೆಯಲ್ಲಿ ಉಂಟು. ತಿಂಗಳಿಗೊಂದು ಹಾಳೆಗೆ ಆ ದಿನದ ಒಂದು ಜಾವವು ಸಾಕಾದೀತು. ಜಾಲದಲ್ಲಿ ಕಳುಹಿಸುವುದು ಬಿಡುವುದು ಆಮೇಲಿನ ಮಾತು. ಹಾಳೆಯನ್ನು ಕೈಯಲ್ಲಿ ಹಿಡಿದು ನೆರೆಮನೆಗೆ ಹೋಗುವ ದಾರಿಯೂ ಇನ್ನೂ ಮುಚ್ಚಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಈ ಚಿತ್ರಗಳನ್ನು ಕೆಲವರು ಎಷ್ಟು ನೋಡಿದರೂ ಕಾಣಲಾರರು. ಒಂದು ಕಣ್ಣು ಹೋದವರು, ಮೆಳ್ಳಗಣ್ಣಿನವರು, ಎರಡು ಕಣ್ಣುಗಳ ನೋಟವು ಕೂಡದವರು, ಇವರಿಗೆ ಆ ರೂಪವು ಎಂದಿಗೂ ಏಳದು. ಇದರಲ್ಲಿ ಅವರ ಶ್ರದ್ಧೆಯ ಕೊರತೆಯಿಲ್ಲ, ಏಕಾಗ್ರತೆಯ ಕೊರತೆಯಿಲ್ಲ. ಕಂಡವರು 'ನಿನಗೆ ತಾಳ್ಮೆಯಿಲ್ಲ' ಎಂದು ಕಾಣದವರನ್ನು ಗದರಿಸುವುದು ಬಹು ಸಾಮಾನ್ಯ. ಅಧ್ಯಾತ್ಮದ ಮಾತಿನಲ್ಲಿಯೂ ಇಂಥ ಗದರಿಕೆಯು ಕೇಳಿಬರುವುದುಂಟು. ತನಗೆ ಕಂಡುದು ತನ್ನ ಹಿರಿಮೆಯಿಂದಲೇ ಕಂಡಿತೆಂದು ತಿಳಿಯುವವನು, ಎರಡು ಕಣ್ಣುಗಳನ್ನು ತಾನೇ ಮಾಡಿಕೊಂಡು ಹುಟ್ಟಿದನೋ ಎಂದು ಕೇಳಿಕೊಳ್ಳಬೇಕು.

ನಮ್ಮ ಗೃಹಸ್ಥನು ಒಂದು ಅಮಾವಾಸ್ಯೆಯ ಮಧ್ಯಾಹ್ನ ಹೊಸ ಹಾಳೆಯೊಂದನ್ನು ಮುಗಿಸಿ, ನೆರೆಮನೆಯ ಹಿರಿಯರೆದುರು ಹಿಡಿದನೆಂದು ಭಾವಿಸಬೇಕು. ಅವರಿಗೆ ಎಡಗಣ್ಣು ಹೋಗಿ ಹತ್ತು ವರ್ಷಗಳಾಗಿವೆ. ಆ ಮಾತು ಇವನಿಗೆ ಹಾಳೆಯನ್ನು ಕೊಟ್ಟ ಮೇಲೆ ನೆನಪಾಯಿತು. ಹಿರಿಯರು ಹಾಳೆಯನ್ನು ಬಿಸಿಲಿಗೆ ಹಿಡಿದು, ಹತ್ತಿರ ತಂದು, ದೂರ ಸರಿಸಿ, ಸಾಲು ಸಾಲಾಗಿ ಪಂಚಾಕ್ಷರಿಯನ್ನು ತುಟಿಯಲ್ಲಿಯೇ ಓದಿಕೊಳ್ಳುತ್ತ ಕೊನೆಯವರೆಗೂ ಹೋದರು. ಆಮೇಲೆ, "ಅಕ್ಷರ ಭಾಳ ಚಂದ ಬರದಿ ನೋಡಪಾ" ಎಂದರು; "ಆದ್ರ ನಡುವ ಒಂದೀಟ್ ಒತ್ತೊತ್ತಾಗ್ಯಾವ." ಬಿಲ್ವದಳವು ಇದ್ದುದು ಆ ಒತ್ತಾದ ಸಾಲುಗಳಲ್ಲಿಯೇ. ಗೃಹಸ್ಥನು ಅದನ್ನು ಹೇಳಲಿಲ್ಲ. "ಹೌದ್ರಿ ಕಾಕಾ" ಎಂದು ಹಾಳೆಯನ್ನು ಅವರಲ್ಲಿಯೇ ಬಿಟ್ಟು ಬಂದನು.